ಗೋಡೆಗಿಂತ ಹಳೆಯ ಗಡಿ: ಮೋಡ್ಲಾರಾಯ್ಟ್ ಎಂಬ ಹಳ್ಳಿಯ ಕುರಿತು

ಜರ್ಮನಿಯ ವಿಭಜನೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬರ್ಲಿನ್ ಗೋಡೆ. ಆದರೆ ಎರಡು ಜರ್ಮನಿಗಳ ನಡುವಿನ ಗಡಿಯು ಬರ್ಲಿನ್‌ನಿಂದ ಬಹು ದೂರದಲ್ಲಿ, ಹೊಲ, ಕಾಡು, ಹಳ್ಳಿಗಳ ನಡುವೆ ಸುಮಾರು 1,400 ಕಿಲೋಮೀಟರ್ ಉದ್ದಕ್ಕೆ ಹಾದುಹೋಗಿತ್ತು. ಅದರ ದಕ್ಷಿಣದ ತುದಿಗೆ ಸಮೀಪ, ಹೋಫ್ ಪಟ್ಟಣದಿಂದ ಹೆಚ್ಚು ದೂರವಿಲ್ಲದ ಗುಡ್ಡಗಾಡಿನಲ್ಲಿ ಮೋಡ್ಲಾರಾಯ್ಟ್ ಎಂಬ ಹಳ್ಳಿಯಿದೆ. ಅಲ್ಲಿನ ಜನಸಂಖ್ಯೆ ಐವತ್ತರ ಆಸುಪಾಸು. ಊರಿನ ನಡುವೆ ಟಾನ್‌ಬಾಖ್ ಎಂಬ ತೊರೆ ಹರಿಯುತ್ತದೆ. ಮುಂದೆ ಅದು ಸಾಲೆ ನದಿಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಮಕ್ಕಳೂ ಒಂದೇ ಜಿಗಿತಕ್ಕೆ ದಾಟಬಹುದಾದಷ್ಟು ಕಿರಿದಾದ ಈ ತೊರೆ ನಾಲ್ಕು ದಶಕಗಳ ಕಾಲ ಜಗತ್ತಿನ ಎರಡು ಬಣಗಳ ಎಲ್ಲೆಯಾಗಿತ್ತು.

ಶೀತಲ ಸಮರವು ಒಂದು ಅಖಂಡ ಹಳ್ಳಿಯನ್ನು ಇಬ್ಭಾಗ ಮಾಡಿತೆಂದು ಈ ಊರಿನ ಕಥೆಯನ್ನು ಹೇಳುವುದು ರೂಢಿಯಾಗಿದೆ. ಕೇಳಲು ಹಿತವಾದರೂ ಅದು ಅರ್ಧ ಸತ್ಯ ಮಾತ್ರ ಎಂಬುದು ನನ್ನ ಅಭಿಪ್ರಾಯ. ನೆಪೋಲಿಯನ್ನನ ಕಾಲದಲ್ಲಿ ಬೈರಾಯ್ಟ್ ಸೀಮೆ ಬವೇರಿಯಾದ ಪಾಲಾದಾಗ, 1810ರಲ್ಲಿ, ಬವೇರಿಯಾ ರಾಜ್ಯ ಹಾಗೂ ರಾಯ್ಸ್ ಸಂಸ್ಥಾನದ ನಡುವಿನ ಎಲ್ಲೆಯನ್ನು ಗುರುತಿಸಲು ಈ ತೊರೆಯ ಉದ್ದಕ್ಕೂ ಗಡಿಕಲ್ಲುಗಳನ್ನು ನೆಟ್ಟರು. ಒಂದು ಮುಖದಲ್ಲಿ ‘ಕೆಬಿ’ (ಬವೇರಿಯಾ ರಾಜ್ಯ), ಇನ್ನೊಂದು ಮುಖದಲ್ಲಿ ‘ಎಫ್‌ಆರ್’ (ರಾಯ್ಸ್ ಸಂಸ್ಥಾನ) ಎಂಬ ಅಕ್ಷರಗಳನ್ನು ಕೆತ್ತಿದ ಆ ಕಲ್ಲುಗಳನ್ನು ಇಂದಿಗೂ ಅಲ್ಲಿ ಕಾಣಬಹುದು. ಅರಸೊತ್ತಿಗೆಗಳು ಅಳಿದ ಮೇಲೆ, 1920ರಲ್ಲಿ ರಾಯ್ಸ್ ಸೀಮೆಯು ಹೊಸದಾಗಿ ರೂಪುಗೊಂಡ ಥುರಿಂಗಿಯಾ ರಾಜ್ಯದಲ್ಲಿ ಸೇರಿತಾದರೂ ತೊರೆಯ ಮೇಲಿನ ಗಡಿ ಮಾತ್ರ ಕದಲಲಿಲ್ಲ.

ಹಾಗೆಂದು ಆ ಗಡಿ ಯಾರಿಗೂ ತೊಡಕಾಗಿರಲಿಲ್ಲ. ತೆರಿಗೆ ಕಟ್ಟುವ ಕಚೇರಿ ಬೇರೆ, ದಾಖಲೆ ಬೇರೆ, ಅಷ್ಟೇ. ಊರಿನ ಶಾಲೆ ಮತ್ತು ಮದ್ಯದಂಗಡಿ ಥುರಿಂಗಿಯಾದ ದಡದಲ್ಲಿದ್ದವು. ಚರ್ಚಿಗೆ ಹೋಗಬೇಕಾದರೆ ಎಲ್ಲರೂ ಬವೇರಿಯಾದ ಟೋಪೆನ್ ಗ್ರಾಮಕ್ಕೆ ನಡೆಯುತ್ತಿದ್ದರು. ಅಂದರೆ ಪಾಠಕ್ಕೂ ಬಿಯರಿಗೂ ಒಂದು ರಾಜ್ಯ, ಪ್ರಾರ್ಥನೆಗೆ ಇನ್ನೊಂದು! ಮದುವೆ ಸಂಬಂಧಗಳಿಗಾಗಲಿ ಹೊಲಗದ್ದೆಯ ಕೆಲಸಕ್ಕಾಗಲಿ ತೊರೆ ಅಡ್ಡ ಬಂದಿರಲಿಲ್ಲ.

ಹಾಗಾದರೆ ಇಷ್ಟು ನಿರುಪದ್ರವಿಯಾದ ಗಡಿ ಮಾರಕವಾದದ್ದು ಹೇಗೆ? ಉತ್ತರ 1944ರ ಸೆಪ್ಟೆಂಬರಿನಲ್ಲಿ ಲಂಡನ್‌ನಲ್ಲಿ ಮಿತ್ರರಾಷ್ಟ್ರಗಳು ಮಾಡಿಕೊಂಡ ಒಪ್ಪಂದದಲ್ಲಿದೆ. ಸೋತ ಜರ್ಮನಿಯನ್ನು ಆಕ್ರಮಿತ ವಲಯಗಳಾಗಿ ಹಂಚಿಕೊಳ್ಳುವಾಗ ಹೊಸ ಗೆರೆಗಳನ್ನು ಎಳೆಯುವ ಬದಲು ಅವರು ಬಹುಮಟ್ಟಿಗೆ ಹಳೆಯ ಪ್ರಾಂತ್ಯಗಳ ಗಡಿಯನ್ನೇ ಉಳಿಸಿಕೊಂಡರು. ಆಡಳಿತಕ್ಕೆ ಅನುಕೂಲವೆಂದು ಕೈಗೊಂಡ ಆ ನಿರ್ಧಾರದ ಫಲವಾಗಿ, 1945ರ ಬೇಸಿಗೆಯಲ್ಲಿ ಅಮೆರಿಕದ ಸೈನ್ಯ ಥುರಿಂಗಿಯಾವನ್ನು ಸೋವಿಯತ್ ಪಡೆಗಳಿಗೆ ಬಿಟ್ಟುಕೊಟ್ಟು ಹಿಂದೆ ಸರಿದಾಗ, ಒಬ್ಬ ರೈತನ ಮನೆ ಒಂದು ವಲಯಕ್ಕೂ ಅವನ ನೆರೆಯವನ ಮನೆ ಇನ್ನೊಂದಕ್ಕೂ ಸೇರಿದವು.

ಮೊದಲ ಕೆಲವು ವರ್ಷ ಪರವಾನಗಿ ಚೀಟಿ ತೋರಿಸಿ ತೊರೆ ದಾಟಬಹುದಿತ್ತು. 1952ರ ಮೇ 26ರಂದು ಪೂರ್ವ ಜರ್ಮನಿಯ ಸರ್ಕಾರ ಹೊರಡಿಸಿದ ಆದೇಶದಿಂದ ಅದೂ ನಿಂತಿತು. ಗಡಿಯುದ್ದಕ್ಕೂ ಹತ್ತು ಮೀಟರ್ ಅಗಲದ ನೆಲವನ್ನು ಹರಗಿ ಬೋಳು ಮಾಡಲಾಯಿತು. ಅದರ ಹಿಂದೆ 500 ಮೀಟರಿನ ರಕ್ಷಣಾ ಪಟ್ಟಿ, ಒಟ್ಟು ಐದು ಕಿಲೋಮೀಟರಿನ ನಿರ್ಬಂಧಿತ ವಲಯ ಜಾರಿಗೆ ಬಂದವು. ಮೋಡ್ಲಾರಾಯ್ಟ್‌ನ ಪೂರ್ವಭಾಗ ಆ ಕಿರಿದಾದ ಪಟ್ಟಿಯೊಳಗೇ ಇದ್ದುದರಿಂದ ಅಲ್ಲಿನವರು ಸೂರ್ಯ ಹುಟ್ಟುವ ಮೊದಲಾಗಲಿ ಮುಳುಗಿದ ನಂತರವಾಗಲಿ ಮನೆಯಿಂದ ಹೊರಗಿರುವಂತಿರಲಿಲ್ಲ, ಹೊರಗಿನ ಬಂಧುಗಳು ಬರಬೇಕಾದರೂ ಅಧಿಕಾರಿಗಳ ಅನುಮತಿ ಬೇಕಾಗಿತ್ತು. ಸರ್ಕಾರಕ್ಕೆ ನಂಬಿಕೆಯಿಲ್ಲದ ಕುಟುಂಬಗಳನ್ನು ಒಕ್ಕಲೆಬ್ಬಿಸಿ ಒಳನಾಡಿಗೆ ಸಾಗಿಸಿದ ಕಾರ್ಯಾಚರಣೆಗೆ ಅಧಿಕಾರಿಗಳು ಇಟ್ಟುಕೊಂಡಿದ್ದ ಹೆಸರು ‘ಕ್ರಿಮಿಕೀಟ’ ಎಂಬರ್ಥದ್ದು.

ಮೊದಲು ಮರದ ಹಲಗೆಗಳ ಬೇಲಿ ಬಂತು, ಬಳಿಕ ಮುಳ್ಳುತಂತಿ, ಕೊನೆಗೆ 1966ರಲ್ಲಿ 700 ಮೀಟರ್ ಉದ್ದದ, 3.3 ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ. ಅಮೆರಿಕದ ಸೈನಿಕರು ಈ ಊರನ್ನು ‘ಪುಟ್ಟ ಬರ್ಲಿನ್’ ಎಂದು ಕರೆಯತೊಡಗಿದರು. 1973ರಲ್ಲಿ ಒಬ್ಬ ಏಣಿಯ ಸಹಾಯದಿಂದ ಈ ಗೋಡೆಯನ್ನು ದಾಟಿ ಪಾರಾದ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆ ಸಾಹಸವಲ್ಲ. ಪೂರ್ವದ ದಡದವರು ಪಶ್ಚಿಮದವರತ್ತ ಕೈ ಬೀಸುವುದಕ್ಕೂ ನಿಷೇಧವಿತ್ತು. ಇಳಿಜಾರಿನ ಮೇಲೆ ನಿಂತ ತಂಗಿ, ಎದುರಿನ ಅಂಗಳದಲ್ಲಿ ನಿಂತು ಕೈ ಬೀಸುವ ಅಕ್ಕನನ್ನು ಕಂಡೂ ಕಾಣದವಳಂತೆ ಮುಖ ತಿರುಗಿಸಬೇಕು. ಗೋಡೆಯನ್ನು ಬಂದೂಕು ಹಿಡಿದವರು ಕಾಯುತ್ತಿದ್ದರು. ಈ ನಿಷೇಧವನ್ನು ಮಾತ್ರ ಪ್ರತಿಯೊಬ್ಬರೂ ತಮ್ಮ ತಮ್ಮ ಕೈಗಳನ್ನು ಕಾಯ್ದುಕೊಂಡು ತಾವೇ ಪಾಲಿಸಬೇಕಾಗಿತ್ತು. ಕಾಂಕ್ರೀಟಿಗಿಂತ ಇದು ಕ್ರೂರವೆಂದು ನನಗೆ ಅನ್ನಿಸುತ್ತದೆ.

ಪಶ್ಚಿಮದವರ ನಡವಳಿಕೆಯೂ ಪೂರ್ತಿ ನಿಷ್ಕಳಂಕವಾಗಿರಲಿಲ್ಲ ಎನ್ನಬೇಕು. ಬಸ್ಸುಗಳಲ್ಲಿ ಬಂದ ಪ್ರವಾಸಿಗರು ತೊರೆಯ ಈಚೆ ನಿಂತು ಆಚೆಯ ಬದುಕನ್ನು ದಿಟ್ಟಿಸಿ, ಫೋಟೋ ತೆಗೆದುಕೊಂಡು ಹಿಂದಿರುಗುತ್ತಿದ್ದರು. 1983ರ ಫೆಬ್ರವರಿಯಲ್ಲಿ ಅಮೆರಿಕದ ಉಪಾಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಅಲ್ಲಿಗೆ ಬಂದು, ಇಪ್ಪತ್ತು ವರ್ಷಗಳ ಹಿಂದೆ ಬರ್ಲಿನ್‌ನಲ್ಲಿ ಅಧ್ಯಕ್ಷ ಕೆನಡಿ ಆಡಿದ್ದ ‘ನಾನೊಬ್ಬ ಬರ್ಲಿನಿಗ’ ಎಂಬ ಮಾತಿನ ಧಾಟಿಯಲ್ಲೇ ತಾನೂ ಒಬ್ಬ ಮೋಡ್ಲಾರಾಯ್ಟಿಗನೆಂದು ಘೋಷಿಸಿದರು. ಆ ದಿನವೂ ಪೂರ್ವದ ದಡದವರು ಕೈ ಬೀಸುವಂತಿರಲಿಲ್ಲ.

ಬರ್ಲಿನ್ ಗೋಡೆ ತೆರೆದು ಸರಿಯಾಗಿ ಒಂದು ತಿಂಗಳ ನಂತರ, 1989ರ ಡಿಸೆಂಬರ್ 9ರಂದು, ಇಲ್ಲಿ ಕಾಲ್ನಡಿಗೆಯವರಿಗೆ ದಾರಿ ತೆರೆಯಿತು. 1990ರ ಜೂನ್ 17ರಂದು ಯಂತ್ರ ತಂದು ಗೋಡೆಯನ್ನು ಕೆಡವಿದರು. ಸುಮಾರು ನೂರು ಮೀಟರ್ ಭಾಗವನ್ನು ಮಾತ್ರ ಉಳಿಸಿಕೊಂಡು ಅಲ್ಲೊಂದು ವಸ್ತುಸಂಗ್ರಹಾಲಯವನ್ನು ರೂಪಿಸಲಾಯಿತು.

ಇಷ್ಟಾದರೂ ಗಡಿ ಹೋಗಲಿಲ್ಲ! ಇಂದಿಗೂ ಊರಿನ ಒಂದು ಭಾಗ ಬವೇರಿಯಾದ ಟೋಪೆನ್ ಪಂಚಾಯಿತಿಗೆ, ಇನ್ನೊಂದು ಥುರಿಂಗಿಯಾದ ಗೆಫೆಲ್ ಪುರಸಭೆಗೆ ಸೇರಿದೆ. ಪಿನ್‌ಕೋಡ್, ದೂರವಾಣಿ ಸಂಕೇತ, ವಾಹನಗಳ ನೋಂದಣಿ ಅಕ್ಷರ ಎಲ್ಲವೂ ಬೇರೆ ಬೇರೆ. ಇದನ್ನು ಕೇಳಿದ ಹೊರಗಿನವರು ಇನ್ನಾದರೂ ಒಂದೇ ರಾಜ್ಯಕ್ಕೆ ಸೇರಿಸಬಾರದೇ ಎಂದು ಮರುಗುವುದುಂಟು. ನನಗೆ ಆ ಮರುಕ ಅನಗತ್ಯವೆನಿಸುತ್ತದೆ. ಎರಡು ಕಚೇರಿಗಳಿಗೆ ಅರ್ಜಿ ಹಾಕುವ ಕಿರಿಕಿರಿ ಗಡಿಗಳ ಸಹಜ ಸ್ಥಿತಿ. 1810ರಿಂದ 1945ರವರೆಗೆ ಆ ಊರು ಬದುಕಿದ್ದೇ ಹಾಗೆ. ಸಂಗ್ರಹಾಲಯಕ್ಕೆ ಬರುವವರು ನೇರವಾಗಿ ಗೋಡೆಯತ್ತ ಧಾವಿಸದೆ ಮೊದಲು ಆ ಗಡಿಕಲ್ಲುಗಳನ್ನು ನೋಡುವಂತಾದರೆ, ಅದೇ ಜಾಗದಲ್ಲಿ ನೂರಮೂವತ್ತಕ್ಕೂ ಹೆಚ್ಚು ವರ್ಷ ಯಾರೂ ಯಾರನ್ನೂ ತಡೆಯದ ಗಡಿಯೊಂದಿತ್ತು ಎಂಬುದು ಅವರಿಗೆ ತಿಳಿಯುತ್ತದೆ.