ಫೋನ್ ಒದ್ದೆಯಾದರೆ ಅಣೆಕಟ್ಟು ಒಣಗಿಸಿ

ಫೋನ್ ನೀರಿಗೆ ಬಿದ್ದರೆ ಸಾಕು, ಮನೆಮಂದಿಯೆಲ್ಲ ತಜ್ಞರಾಗುತ್ತಾರೆ. ಒಬ್ಬರು ಆಫ್ ಮಾಡು ಅಂತಾರೆ. ಇನ್ನೊಬ್ಬರು ಆನ್ ಆಗುತ್ತಾ ನೋಡು ಅಂತಾರೆ. ಅತ್ತಿಗೆ ಹೇರ್ ಡ್ರೈಯರ್ ಹಿಡಿದು ಬರುತ್ತಾರೆ. ಬ್ಯಾಟರಿ ಬಿಚ್ಚೋ ಅನ್ನುವ ಚಿಕ್ಕಪ್ಪ ಇನ್ನೂ ಬಟನ್ ಫೋನ್ ಕಾಲದಲ್ಲೇ ಇದ್ದಾರೆ. ಈಗಿನ ಫೋನಿನ ಬೆನ್ನು ಬಿಚ್ಚಬೇಕಾದರೆ ರಿಪೇರಿ ಅಂಗಡಿಗೇ ಹೋಗಬೇಕು. ಕೊನೆಗೆ ಅಡುಗೆಮನೆಯಿಂದ ಅಕ್ಕಿ ಡಬ್ಬ ಬರುತ್ತದೆ. ಸೋನಾ ಮಸೂರಿಯೊಳಗೆ ಫೋನ್ ಮಲಗುತ್ತದೆ.

ಇದೆಲ್ಲ ನಮ್ಮ ನಿಮ್ಮಂಥವರ ಉಪಾಯ. ಅಧಿಕಾರ ಇದ್ದವರ ಉಪಾಯವೇ ಬೇರೆ.

2023ರ ಮೇ ತಿಂಗಳು. ಛತ್ತೀಸ್‌ಗಢದ ಕಾಂಕೇರ್ ಜಿಲ್ಲೆಯ ಖೇರ್ಕಟ್ಟಾ ಅಣೆಕಟ್ಟು. ಸುತ್ತಾಡಲು ಹೋಗಿದ್ದ ಆಹಾರ ಇಲಾಖೆಯ ಅಧಿಕಾರಿಯೊಬ್ಬರು ಸೆಲ್ಫಿಗೆ ಕೈ ಚಾಚಿದರು. ಲಕ್ಷ ರೂಪಾಯಿ ಆಸುಪಾಸಿನ ಫೋನ್ ಡುಬುಕ್ ಅಂತ ನೀರಿಗೆ ಬಿತ್ತು. ಊರಿನ ಈಜುಗಾರರು ಮುಳುಗಿ ಹುಡುಕಿದರು, ಸಿಗಲಿಲ್ಲ. ನಾವಾಗಿದ್ದರೆ ಅಲ್ಲಿಗೆ ಕೈಮುಗಿದು ಮನೆಗೆ ಬರುತ್ತಿದ್ದೆವು. ಅವರು ಡೀಸೆಲ್ ಪಂಪ್ ತರಿಸಿದರು. ಮೂರು ದಿನ ನೀರು ಹೊರಗೆ ಹಾಕಿಸಿದರು. ಬಿರುಬೇಸಿಗೆಯಲ್ಲಿ!

ಅವರ ಸಂಯಮ ಗಮನಿಸಿ. ಕೆಲಸ ಆಹಾರ ಇಲಾಖೆಯಲ್ಲಿ. ಛತ್ತೀಸ್‌ಗಢಕ್ಕೆ ಭತ್ತದ ಬಟ್ಟಲು ಅಂತಲೇ ಹೆಸರು. ಬೇಕಿದ್ದರೆ ಒಂದು ಗೋದಾಮು ಅಕ್ಕಿಯಲ್ಲಿ ಆ ಫೋನನ್ನು ಹೂತಿಡಬಹುದಿತ್ತು. ಒಂದು ಕಾಳು ಮುಟ್ಟಲಿಲ್ಲ. ಆಹಾರ ಇಲಾಖೆಯವರು ಅಕ್ಕಿ ಮುಟ್ಟಲಿಲ್ಲ ಅನ್ನೋದೇ ಸುದ್ದಿ ಅಲ್ವಾ?

ಅದು ಸರಿಯೂ ಆಗಿತ್ತು ಅನ್ನಿ. 2024ರ ಜನವರಿಯಲ್ಲಿ ಆಪಲ್ ಕಂಪನಿ ಒದ್ದೆ ಫೋನನ್ನು ಅಕ್ಕಿ ಚೀಲದಲ್ಲಿ ಇಡಬೇಡಿ, ಅಕ್ಕಿಯ ಚೂರು ಒಳಗೆ ಹೋಗಿ ಹಾಳಾದೀತು ಎಂದಿತು. ಚಾರ್ಜರ್ ಚುಚ್ಚುವ ತೂತು ಕೆಳಗಾಗುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿಯಾಡುವ ಕಡೆ ಇಡಿ, ಕನಿಷ್ಠ ಅರ್ಧ ಗಂಟೆ ಚಾರ್ಜಿಗೆ ಹಾಕಬೇಡಿ, ಪೂರ್ತಿ ಒಣಗಲು ಒಂದು ದಿನವೂ ಬೇಕಾದೀತು ಅಂತ ಹೇಳಿತು. ಹೇರ್ ಡ್ರೈಯರೂ ಬೇಡ, ಹತ್ತಿ ಕಡ್ಡಿಯೂ ಬೇಡ. ಎಷ್ಟು ಸಪ್ಪೆ ಸಲಹೆ ನೋಡಿ. ಪಂಪಿಲ್ಲ, ಡೀಸೆಲ್ಲಿಲ್ಲ, ಮೇಲಿನವರ ಅನುಮತಿಯೂ ಬೇಕಿಲ್ಲ. ಇಂಥ ಕೆಲಸಕ್ಕೆ ಸರ್ಕಾರಿ ನೌಕರ ಯಾಕೆ ಬೇಕು?

ಅನುಮತಿ ಅಂದೆನಲ್ಲ, ಅದೂ ಇತ್ತಂತೆ. ಬಾಯಿಮಾತಿನದು. ಪಕ್ಕದ ಕಾಲುವೆಗೆ ಸ್ವಲ್ಪ ನೀರು ಬಿಟ್ಟರೆ ರೈತರಿಗೇ ಒಳ್ಳೆಯದು ಅಂತ ಜಲಸಂಪನ್ಮೂಲ ಇಲಾಖೆಯವರೊಬ್ಬರು ಹೇಳಿದರು ಎಂಬುದು ಫೋನ್ ಬೀಳಿಸಿದ ಅಧಿಕಾರಿಯ ಮಾತು. ಐದಡಿ ತನಕ ಅಂದಿದ್ದೆವು ಅಂತ ಆ ಇಲಾಖೆ. ನೋಡಿದರೆ ಹತ್ತಡಿ ಇಳಿದಿತ್ತು. ಕಾಗದದ ಮೇಲೆ ಇದ್ದಿದ್ದರೆ ಐದಡಿಗೆ ಮೂರು ವರ್ಷ ಆಗುತ್ತಿತ್ತು. ಬಾಯಿಮಾತಿಗೆ ಇರುವ ವೇಗ ಕಡತಕ್ಕೆಲ್ಲಿಂದ ಬರಬೇಕು?

ಹೋದ ನೀರೆಷ್ಟು? ಮೊದಲ ಸುದ್ದಿಯಲ್ಲಿ 21 ಲಕ್ಷ ಲೀಟರ್. ಇಲಾಖೆ ಲೆಕ್ಕ ಹಾಕಿದಾಗ 41 ಲಕ್ಷ. ಮನೆ ಕಟ್ಟಿಸುವವರ ಬಜೆಟ್ಟಿನ ಹಾಗೆ. 1,500 ಎಕರೆಗೆ ಹಾಯಿಸಬಹುದಾಗಿದ್ದ ನೀರು ಅಂತ ಪತ್ರಿಕೆಗಳೂ ಕಣ್ಣೀರಿಟ್ಟವು. 21 ಲಕ್ಷವನ್ನು 1,500ರಿಂದ ಭಾಗಿಸಿದರೆ ಎಕರೆಗೆ 1,400 ಲೀಟರ್. ಅಷ್ಟರಲ್ಲಿ ಬೆಳೆ ತೆಗೆಯುವ ರೈತ ಇದ್ದರೆ ಅವರಿಗೊಂದು ಹಾರ ಹಾಕಬೇಕು.

ಇಷ್ಟೆಲ್ಲ ಯಾಕೆ ಅಂದರೆ, ಫೋನಿನಲ್ಲಿ ಇಲಾಖೆಯ ಸೂಕ್ಷ್ಮ ಮಾಹಿತಿ ಇತ್ತಂತೆ. ಮಾಹಿತಿ ಒಂದಿಷ್ಟೂ ಸೋರಲಿಲ್ಲ. ಸೋರಿದ್ದು ನೀರು ಮಾತ್ರ. ಕೊನೆಗೂ ಫೋನ್ ಸಿಕ್ಕಿತು. ಆನ್ ಆಗಲಿಲ್ಲ.

ನೀರಿಗೆ ಜಗ್ಗಲ್ಲ ಅಂತ ದುಬಾರಿ ಫೋನುಗಳಿಗೆ ಐಪಿ68 ಅನ್ನುವ ಬಿರುದು ಇರುತ್ತದೆ. ಎಷ್ಟೋ ಫೋನುಗಳಿಗೆ ಅದರ ಅರ್ಥ ಒಂದೂವರೆ ಮೀಟರ್ ಸಿಹಿನೀರಿನಲ್ಲಿ ಅರ್ಧ ಗಂಟೆ, ಅಷ್ಟೇ. ಜಾಹೀರಾತಿನಲ್ಲಿ ಮಾತ್ರ ಈಜುಕೊಳ, ಸಮುದ್ರ ಎಲ್ಲ ಇರುತ್ತದೆ. ವಾರಂಟಿ ಚೀಟಿಯ ಸಣ್ಣಕ್ಷರದಲ್ಲಿ ನೀರು ಹೊಕ್ಕರೆ ನಾವು ಹೊಣೆಯಲ್ಲ ಅಂತ ಇರುತ್ತದೆ. ಇಂಥ ಜಾಹೀರಾತಿಗಾಗಿ ಆಸ್ಟ್ರೇಲಿಯಾದ ನ್ಯಾಯಾಲಯ 2022ರಲ್ಲಿ ಸ್ಯಾಮ್‌ಸಂಗ್‌ಗೆ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು.

ನಮ್ಮ ಅಧಿಕಾರಿಗೂ ದಂಡ ಬಿತ್ತು, ಅಮಾನತೂ ಆಯಿತು. ದಂಡದ ಲೆಕ್ಕ ಓದಬೇಕು ನೀವು. 4,104 ಘನ ಮೀಟರ್ ನೀರು, ಅಂದರೆ ಅದೇ 41 ಲಕ್ಷ ಲೀಟರ್. ಘನ ಮೀಟರಿಗೆ 10 ರೂಪಾಯಿ 50 ಪೈಸೆ. ಒಟ್ಟು 43,092. ಹೇಳದೆ ಕೇಳದೆ ನೀರು ಬಿಟ್ಟಿದ್ದಕ್ಕೆ ಮೇಲೆ 10,000. ಎಲ್ಲ ಸೇರಿ 53,092 ರೂಪಾಯಿ. ನೀರಿನ ದರ ಲೀಟರಿಗೆ ಒಂದು ಪೈಸೆ ಚಿಲ್ಲರೆ! ಫೋನಿನ ಅರ್ಧ ಬೆಲೆಗೆ ಅಣೆಕಟ್ಟಿನ ನೀರು. ಬಸ್ ಸ್ಟ್ಯಾಂಡಿನಲ್ಲಿ 20 ರೂಪಾಯಿಗೆ ಒಂದು ಬಾಟಲಿ ಕೊಳ್ಳುವ ನಾವು ಸುಮ್ನೆ ಮೋಸ ಹೋಗುತ್ತಿದ್ದೇವೆ. ಆ ದರದಲ್ಲಿ ಅದೇ ದುಡ್ಡಿಗೆ 1,900 ಲೀಟರ್ ಬರುತ್ತದೆ.

ಬೆಂಗಳೂರಿನವರಿಗಂತೂ ಈ ದರಪಟ್ಟಿ ಬಾಯಿಪಾಠ ಆಗಬೇಕು. 2024ರ ಬೇಸಿಗೆಯಲ್ಲಿ ನಲ್ಲಿ ಒಣಗಿದಾಗ ಜಲಮಂಡಳಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಹೇಳಿತು. ಹೇಳಿದ್ದಷ್ಟೇ ಅಲ್ಲ, ವಸೂಲೂ ಮಾಡಿತು. ಖೇರ್ಕಟ್ಟಾ ದರದಲ್ಲಿ 5,000 ರೂಪಾಯಿಗೆ 4 ಲಕ್ಷ 76 ಸಾವಿರ ಲೀಟರ್ ನೀರು ಸಿಗುತ್ತದೆ. ಅಷ್ಟರಲ್ಲಿ ಇಡೀ ಲೇಔಟಿನ ಕಾರು ತೊಳೆದು, ಮಿಕ್ಕಿದ್ದನ್ನು ಅಂಗಳಕ್ಕೆ ಹಾಕಬಹುದು. ಹಾಗಾಗಿ ಮುಂದಿನ ಬೇಸಿಗೆಯಲ್ಲಿ ಪೈಪ್ ಹಿಡಿದು ನಿಂತಾಗ ಜಲಮಂಡಳಿಯವರು ಬಂದರೆ ಗಾಬರಿಯಾಗಬೇಡಿ. ಸಂಪಿನ ಮುಚ್ಚಳ ತೆಗೆದಿಡಿ, ಮುಖ ಸ್ವಲ್ಪ ಸಪ್ಪಗೆ ಮಾಡಿ, ಹೀಗನ್ನಿ: "ಕಾರು ತೊಳೀತಾ ಇಲ್ಲ ಸಾರ್. ಫೋನ್ ಬಿದ್ದೋಯ್ತು, ಸಂಪು ಖಾಲಿ ಮಾಡ್ತಾ ಇದೀನಿ. ಆಫೀಸಿನ ಮಾಹಿತಿ ಇದೆ."