ಪಹಣಿಯಲ್ಲಿ ಇಳಿಜಾರಿಗೆ ಕಾಲಂ ಇಲ್ಲ

ಕೊಡಗಿನಲ್ಲಿ ಸಮತಟ್ಟಾದ ನೆಲ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಹಾಕಿ ಮೈದಾನವನ್ನು ತೋರಿಸಬೇಡಿ, ಭೂಪರಿವರ್ತನೆಯ ಕಡತವನ್ನು ತೋರಿಸಿ. ಮಾಲೀಕರ ಹೆಸರು, ವಿಸ್ತೀರ್ಣ, ಬೆಳೆ, ಸಾಲ ಎಲ್ಲಕ್ಕೂ ಪಹಣಿಯಲ್ಲಿ ಕಾಲಂ ಇದೆ. ಇಳಿಜಾರಿಗೆ ಮಾತ್ರ ಇಲ್ಲದಿರುವುದರಿಂದ ಬೆಟ್ಟವೂ ಅಲ್ಲಿ ಎಕರೆ, ಗುಂಟೆಯಾಗಿ ಮಲಗಿಬಿಡುತ್ತದೆ.

ನಮ್ಮ ತೋಟದ ಮೇಲಿನ ಗುಡ್ಡದ ಕಡಿದಾದ ಬರೆಯಲ್ಲಿ ರೆಸಾರ್ಟ್ ಏಳುವ ಸುದ್ದಿ ತಿಳಿದು, ನೆಲದ ಏರಿಳಿತ ತೋರಿಸುವ ನಕ್ಷೆಯಾದ, 1:50,000 ಪ್ರಮಾಣದ ಹಳೆಯ ಟೊಪೊಶೀಟೊಂದನ್ನು ಹಿಡಿದು ನಾನು ಒಂದು ಕಚೇರಿಗೆ ಹೋದೆ. ಆ ಜಾಗದಲ್ಲಿ ಕಂದು ಬಣ್ಣದ ಎತ್ತರದ ಗೆರೆಗಳು ಹೆಬ್ಬೆರಳ ಗುರುತಿನಂತೆ ಒತ್ತೊತ್ತಾಗಿದ್ದವು, ಅವುಗಳನ್ನು ಸೀಳಿಕೊಂಡು ತೋಡಿನ ನೀಲಿ ಗೆರೆ ಇಳಿದಿತ್ತು. ಗುಮಾಸ್ತರು ಕನ್ನಡಕ ಏರಿಸಿ ನೋಡಿ, “ಇಷ್ಟೊಂದು ರಸ್ತೆ ಇದೆಯಲ್ಲ ಸಾರ್, ಇನ್ನೇನು ತೊಂದರೆ?” ಎಂದರು. ಅವು ರಸ್ತೆಗಳಲ್ಲ, ಒಂದೊಂದು ಗೆರೆಗೂ 20 ಮೀಟರ್ ಏರಿಕೆ, ಎರಡರ ನಡುವೆ ಒಂದೇ ಮಿಲಿಮೀಟರ್ ಇದ್ದರೆ ನೆಲದ ಮೇಲೆ 50 ಮೀಟರ್ ಸಾಗುವಷ್ಟರಲ್ಲಿ 20 ಮೀಟರ್ ಹತ್ತಿರುತ್ತೇವೆ ಎಂದು ವಿವರಿಸಿದೆ. “ಅರ್ಜಿಗೆ ಲಗತ್ತಿಸಬೇಕಾದ ದಾಖಲೆಗಳಲ್ಲಿ ಇದು ಇಲ್ಲ” ಎಂದು ಅವರು ಶೀಟನ್ನು ಮಡಚಿ ಕೊಟ್ಟರು.

ಲಿಂಗರಾಜೇಂದ್ರನ ಆಳ್ವಿಕೆಯಲ್ಲಿ, 1815ರಿಂದ 1817ರವರೆಗೆ, ಲೆಫ್ಟಿನೆಂಟ್ ಕಾನರ್ ಎಂಬ ಕಂಪನಿಯ ಅಧಿಕಾರಿ ಇದೇ ಮಲೆಗಳನ್ನು ಅಳೆದ. ಕೊಡಗು ಆಗಿನ್ನೂ ಬ್ರಿಟಿಷರ ಕೈಸೇರಿರಲಿಲ್ಲ, ಅದಾದದ್ದು 1834ರಲ್ಲಿ. ಅವನ ವರದಿ ಬೆಂಗಳೂರಿನಲ್ಲಿ ಅಚ್ಚಾದದ್ದು 1870ರಲ್ಲಿ, ಆದ್ದರಿಂದ ಕಡತ ತಡವಾಗುವುದನ್ನು ಈ ಕಾಲದ ರೋಗವೆಂದು ಯಾರೂ ಹಳಿಯಬಾರದು. ಜಿಗಣೆಗೆ ರಕ್ತ ಕೊಟ್ಟು ಅಳೆದವನು ಪರದೇಶಿ, ಕುರ್ಚಿಯಿಂದಲೇ ಮಟ್ಟ ಮಾಡಿದವರು ನಮ್ಮವರು ಎಂಬುದಷ್ಟೇ ನನ್ನ ಸಂಕಟ.

ನಕ್ಷೆಗಳ ಗುಟ್ಟಿನ ಕಥೆಯೂ ಇದೆ. ಕೇಂದ್ರ ಸರ್ಕಾರದ 2005ರ ರಾಷ್ಟ್ರೀಯ ನಕ್ಷೆ ನೀತಿಯು ಇಂಥ ನಕ್ಷೆಗಳನ್ನು ರಕ್ಷಣಾ ಸರಣಿ, ಮುಕ್ತ ಸರಣಿ ಎಂದು ಎರಡು ಮಾಡಿತು. ನಿರ್ಬಂಧಗಳು ಗಣನೀಯವಾಗಿ ಸಡಿಲವಾದದ್ದು 2021ರಲ್ಲಿ. ಅದಕ್ಕೂ ಮೊದಲೇ ಅಮೆರಿಕದ ಸೇನೆ ಮುದ್ರಿಸಿದ್ದ ಭಾರತದ ಹಳೆಯ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅಂತರ್ಜಾಲದಲ್ಲಿ ಹರವಿತ್ತು. ಶತ್ರುವಿಗೆ ತಿಳಿಯದಿರಲೆಂದು ಬಚ್ಚಿಟ್ಟ ಬೆಟ್ಟ, ಕೊನೆಗೆ ಅದರ ಬುಡದಲ್ಲಿ ಮನೆ ಕಟ್ಟಿದವನಿಗೆ ಮಾತ್ರ ಗುಟ್ಟಾಗಿತ್ತು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ್ದನ್ನು ನೆನಪಿಸಿದಾಗ ಗುಮಾಸ್ತರು ತುಸು ಗಂಭೀರರಾಗಿ, ಕಡತ ಬಿಡಿಸಿ ಸ್ಥಳ ಪರಿಶೀಲನೆಯ ವರದಿಯನ್ನು ತೋರಿಸಿದರು. “ಜಾಗವು ಸಮತಟ್ಟಾಗಿರುತ್ತದೆ” ಎಂದು ಮೊಹರು ಸಮೇತ ಬರೆದಿತ್ತು. ಮೇಲೆ ಹೋಗಿ ನೋಡಿದಿರಾ ಎಂದು ಕೇಳಿದೆ.

“ಹೋಗಿದ್ದೆವು ಸಾರ್. ಜೀಪು ಹತ್ತಲಿಲ್ಲ, ಕೆಳಗಿನಿಂದಲೇ ನೋಡಿ ಬರೆದೆವು.”