ಕೆಂಪು ಅಂದ ಮಗು

ಶಾಲೆಗೆ ಸೇರಿಸುವ ವಯಸ್ಸಿನ ಗಡಿ ಜರುಗಿತಲ್ಲ, ಖುಷಿಯಾಯ್ತಾ? ದುಬೈಯಲ್ಲಿ ಪುಟ್ಟ ಮಕ್ಕಳಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಆಗಸ್ಟ್‌ನಲ್ಲಿ ತೆರೆಯುವ ಶಾಲೆಗಳಿಗೆ ವಯಸ್ಸಿನ ಲೆಕ್ಕ ಇನ್ನು ಆಗಸ್ಟ್ 31ಕ್ಕಲ್ಲ, ಡಿಸೆಂಬರ್ 31ಕ್ಕೆ. 2026-27ರಿಂದ ಜಾರಿ. ನನ್ನ ಮಗಳು ಹುಟ್ಟಿದ್ದು 2022ರ ಸೆಪ್ಟೆಂಬರ್ 4ರಂದು. ಹೋದ ವರ್ಷ ಮೂರು ತುಂಬಲು ನಾಲ್ಕು ದಿನ ಕಮ್ಮಿ ಅಂತ ವಾಪಸ್ ಕಳಿಸಿದರು. ಈ ವರ್ಷ ಅವಳ ಪಕ್ಕದಲ್ಲಿ 2023ರ ಡಿಸೆಂಬರ್‌ನಲ್ಲಿ ಹುಟ್ಟಿದ ಕೂಸೂ ಕೂರುತ್ತದೆ. ಹತ್ತಿರ ಹತ್ತಿರ 16 ತಿಂಗಳ ಅಂತರ. ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ನಮ್ಮ ಹುಡುಗಿ ಕ್ಲಾಸಿಗೆ ಅಜ್ಜಿಯಾದಳು.

ನಮ್ಮ ಕರ್ನಾಟಕದಲ್ಲೇನು ಕಮ್ಮಿಯಿಲ್ಲ ಬಿಡಿ. ಒಂದನೇ ಕ್ಲಾಸಿಗೆ 6 ವರ್ಷ ತುಂಬಲೇಬೇಕು ಅಂದರು, 2025ರಲ್ಲಿ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಾದರೂ ನಡೆಯುತ್ತೆ ಅಂದರು. ಮಗು ಹುಟ್ಟಿದಾಗ ಜೋಯಿಸರ ಹತ್ತಿರ ಹೋಗುವುದು ದಂಡ. ಸೀದಾ ಶಿಕ್ಷಣ ಇಲಾಖೆಗೇ ಹೋಗಬೇಕು.

ದುಬೈ ಶಾಲೆಗಳಿಗೆ ಗ್ರೇಡು ಕೊಡುವವರು ಕೆಎಚ್‌ಡಿಎ, ಅಂದರೆ ಇಲ್ಲಿನ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವ ಸರ್ಕಾರಿ ಪ್ರಾಧಿಕಾರ. ಔಟ್‌ಸ್ಟ್ಯಾಂಡಿಂಗ್, ವೆರಿ ಗುಡ್, ಗುಡ್, ಆಕ್ಸೆಪ್ಟಬಲ್, ವೀಕ್, ವೆರಿ ವೀಕ್. ಆರರಲ್ಲಿ ಮೂರನೆಯದು ಗುಡ್. ಆದರೆ ಅಪ್ಪಂದಿರ ನಡುವೆ ಗುಡ್ ಅನ್ನುವುದು ಬೈಗುಳ. ‘ಬರೀ ಗುಡ್ ಅಂತೆ ರೀ’ ಅನ್ನುವಾಗ ಅವರ ಮುಖ ನೋಡಬೇಕು, ಹುಡುಗ ಒಳ್ಳೆಯವನೇ ಆದರೆ ಕೆಲಸ ಇಲ್ಲ ಅನ್ನುವ ಹಾಗೆ.

ಕ್ಲಾಸಿನ ಹೆಸರುಗಳು ಇನ್ನೊಂದು ಮಜಾ. ಬ್ರಿಟಿಷ್ ಶಾಲೆಯಲ್ಲಿ ಎಫ್‌ಎಸ್ 2 (ಫೌಂಡೇಶನ್ ಸ್ಟೇಜ್ 2) ಅಂದರೆ ಪಕ್ಕದ ಶಾಲೆಯ ಕೆಜಿ 1. ಇವರ ಇಯರ್ 2 ಅವರ ಒಂದನೇ ಗ್ರೇಡು. ನಮ್ಮ ಅಣ್ಣನ ಮಗ ಇಯರ್ 2 ಅಂತ ಕೇಳಿದ್ದೇ ತಡ, ದಾವಣಗೆರೆಯಲ್ಲಿ ಅಮ್ಮ ಮೊಮ್ಮಗ ಒಂದು ಕ್ಲಾಸು ಹಾರಿದ ಅಂತ ಬೀದಿಗೆಲ್ಲ ಪೇಡ ಹಂಚಿದಳು. ಹಾರಿದ್ದು ಫೀಸು ಮಾತ್ರ. 2025ರಲ್ಲಿ ಇಲ್ಲೊಂದು ಶಾಲೆ ತೆರೆಯಿತಲ್ಲ, ಅಲ್ಲಿ ಮೂರು ವರ್ಷದ ಮಗುವಿಗೇ ವರ್ಷಕ್ಕೆ 1,16,000 ದಿರ್ಹಾಮ್. ನಮ್ಮಂಥವರು ಅದರ ಕಾಂಪೌಂಡ್ ಪಕ್ಕ ಕಾರು ನಿಧಾನ ಮಾಡಿ, ಮಕ್ಕಳಿಗೆ ತೋರಿಸಿಕೊಂಡು ಬರುತ್ತೇವೆ, ಮೈಸೂರು ಅರಮನೆ ತೋರಿಸಿದ ಹಾಗೆ.

ನಾವು ಐದು ಶಾಲೆಗೆ ಅರ್ಜಿ ಹಾಕಿದೆವು. ಒಂದೊಂದಕ್ಕೂ 525 ದಿರ್ಹಾಮ್, ವಾಪಸ್ ಬರಲ್ಲ. ಐದೂ ಸೇರಿ ನಮ್ಮ ದುಡ್ಡಲ್ಲಿ 60,000 ರೂಪಾಯಿಯ ಮೇಲಾಯಿತು, ಮಗು ಇನ್ನೂ ಒಂದು ಅಕ್ಷರ ಬರೆದಿಲ್ಲ. ಆಮೇಲೆ ಅಸೆಸ್‌ಮೆಂಟ್. ಹೆಸರು ಬೇಡ, ಒಂದು ಶಾಲೆಯಲ್ಲಿ ಟೀಚರ್ ಒಂದು ಬ್ಲಾಕ್ ತೋರಿಸಿ ಬಣ್ಣ ಯಾವುದು ಅಂತ ಕೇಳಿದರು. ಮಗಳು ಠಣ್ ಅಂತ ‘ಕೆಂಪು’ ಅಂದಳು. ಟೀಚರ್ ನಕ್ಕರು. ಎರಡು ದಿನದ ಮೇಲೆ ಮೇಲ್ ಬಂತು: ಮಗು ಬಣ್ಣ ಗುರುತಿಸುವುದಿಲ್ಲ, ಭಾಷೆ ಹಿಂದಿದೆ.

ಹಿಂದಿಲ್ಲ ಕಣ್ರೀ. ಅದು ಕೆಂಪೇ. ಮೂರು ವರ್ಷದ ಕೂಸನ್ನು ಕುರ್ಚಿ ಮೇಲೆ ಕೂರಿಸಿ, ದುಡ್ಡು ತಗೊಂಡು, ಅದರ ಮನೆ ಮಾತನ್ನೇ ಕಾಯಿಲೆ ಅಂತ ಬರೆಯುತ್ತೀರಿ. ಬಾಗಿಲ ಮೇಲೆ ಇಂಟರ್‌ನ್ಯಾಷನಲ್ ಅಂತ ಬೋರ್ಡು ಬೇರೆ. ನನಗೆ ಸಾಕಾಗಿದೆ.

ಇರಲಿ. ಕೊನೆಗೆ ಒಂದು ‘ಬರೀ ಗುಡ್’ ಶಾಲೆಯಲ್ಲಿ ಸೀಟು ಸಿಕ್ಕಿತು. ಮುಂದಿನ ವರ್ಷ ಅರಬ್ಬಿಯನ್ನೂ ಕಲಿಸುತ್ತಾರಂತೆ, ಅದು ಈಗ ನಾಲ್ಕು ವರ್ಷದ ಮಕ್ಕಳಿಂದಲೇ ಕಡ್ಡಾಯ. ಒಳ್ಳೇದೇ, ಕಲಿಯಲಿ. ಅಮ್ಮನಿಗೆ ಬೋಟಿಮ್ ಆ್ಯಪ್‌ನಲ್ಲಿ ಫೋನ್ ಹಚ್ಚಿದೆ.

‘ಯಾವ ಕ್ಲಾಸು?’

‘ಎಫ್‌ಎಸ್ 1.’

‘ಅಂದ್ರೆ ಅಂಗನವಾಡಿ?’

‘ಹೂಂ, ಹಂಗೇ ಅನ್ಕೋ.’

‘ಮೊಟ್ಟೆ ಕೊಡ್ತಾರಾ?’

‘ಇಲ್ಲಮ್ಮ, ಡಬ್ಬಿ ನಾವೇ ಕಟ್ಟಬೇಕು. ಶೇಂಗಾ ಚಟ್ನಿಪುಡಿ ಮಾತ್ರ ಹಾಕೋ ಹಂಗಿಲ್ಲ, ಕೆಲವು ಮಕ್ಕಳಿಗೆ ಆಗಿಬರಲ್ವಂತೆ.’

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ.

‘ಮೊಟ್ಟೆ ಇಲ್ಲ, ಚಟ್ನಿ ಇಲ್ಲ. ಎಷ್ಟು ಕಟ್ಟಿದೆ ಅಂದಿ?’

ನೆಟ್‌ವರ್ಕ್ ಸರಿಯಿಲ್ಲ ಅಂದೆ.